ಕಿಟಕಿಯಿಂದ ಬಂದ ಕೂಸು

ತೊಂಬತ್ತರ ದಶಕದ ಬನಶಂಕರಿ ಬಸ್ ನಿಲ್ದಾಣದಲ್ಲಿ ಸೀಟು ಹಿಡಿಯಲು ಮೊದಲು ಬಸ್ಸು ಹತ್ತಬೇಕಿರಲಿಲ್ಲ. ಕಿಟಕಿಯಿಂದ ಕರ್ಚೀಫು ಎಸೆದರೆ ಸಾಕು, ಅದು ಬಿದ್ದ ಜಾಗ ನಮ್ಮದು. ಒಮ್ಮೆ ಒಂದು ಹೂಕೋಸು ಸೀಟಿನ ಮೇಲೆ ಗಂಭೀರವಾಗಿ ಕೂತಿತ್ತು. ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ನಾನು ಓದಿದ್ದು ಸಮಾಜಶಾಸ್ತ್ರ. ಮಹಾನಗರದ ಜನ ಅಪರಿಚಿತರನ್ನು ದೂರವೇ ಇಡುತ್ತಾರೆಂದು ಬರೆದು ಒಳ್ಳೆಯ ಅಂಕ ಪಡೆದವನು. ಅಂದು ಬೆಳಿಗ್ಗೆ ಜಯನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ.

"ಸರ, ಸ್ವಲ್ಪ ಹಿಡೀರಿ. ಬಾಜೂ ಸೀಟಿನ್ಯಾಗ ಕುಂದರಸ್ರಿ, ಈಗ ಹತ್ತಿ ಬಂದೆ" ಎಂದಿತು ಹೊರಗಿನಿಂದ ಹೆಣ್ಣುದನಿ. ಬ್ಯಾಗೆಂದು ಕೈ ಚಾಚಿದೆ. ಬಂದದ್ದು ವರ್ಷ ತುಂಬಿದ ಮಗು.

ಅವಳು ಮುಂದಿನ ಬಾಗಿಲಿಗೆ ಓಡಿದಳು. ಅಲ್ಲಿ ನೂಕುನುಗ್ಗಲು. ಹಿಂದಿದ್ದ ಕಂಡಕ್ಟರ್ ಸೀಟಿ ಊದಿಬಿಟ್ಟ. ಬಸ್ಸು ಹೊರಟಿತು.

ಅವಳು ನನ್ನ ಕಿಟಕಿಗೇ ಬಂದು ಸರಳು ಹಿಡಿದು ಓಡತೊಡಗಿದಳು. ಬಸ್ಸನ್ನು ಬಡಿದು ನಿಲ್ಲಿಸೋಣವೆಂದರೆ ನನ್ನ ಎರಡೂ ಕೈಯಲ್ಲಿ ಮಗು. "ಬಿಡೀಮ್ಮಾ, ಸರಳು ಬಿಡಿ!" ಎಂದು ಕಿರುಚಿದೆ. ಬಿಡಲಿಲ್ಲ. ಅವಳ ಚಪ್ಪಲಿ ಜಾರಿತು, ಹಿಂದಿನ ಚಕ್ರ ಅದರ ಮೇಲೆ ಹರಿಯಿತು. ಪಾದಕ್ಕೂ ಚಕ್ರಕ್ಕೂ ಗೇಣಷ್ಟು ಅಂತರ. ಇಂದಿಗೂ ಬಸ್ಸಿನ ಕಿಟಕಿ ಪಕ್ಕ ಕೂತಾಗಲೆಲ್ಲ ಆ ಗೇಣು ಕಣ್ಣಿಗೆ ಬರುತ್ತದೆ. ಕೆಲವೊಮ್ಮೆ ಅದು ಇನ್ನೂ ಕಿರಿದಾಗಿರುತ್ತದೆ.

"ಹೋಲ್ಡಾನ್! ಹೋಲ್ಡಾನ್!" ಇಡೀ ಬಸ್ಸು ತಗಡು ಬಡಿಯಿತು. ಬಸ್ಸು ನಿಂತಿತು.

ಒಂದೇ ಚಪ್ಪಲಿಯಲ್ಲಿ ಹತ್ತಿ ಬಂದವಳ ಮೇಲೆ ಕಂಡಕ್ಟರ್ ಹರಿಹಾಯ್ದ. "ಏನಮ್ಮಾ, ತಲೆ ಕೆಟ್ಟಿದ್ಯಾ? ಕರ್ಚೀಫ್ ಹಾಕೋ ಕಡೆ ಮಗು ಹಾಕ್ತಾರಾ?"

"ಕರ್ಚೀಪು ನಿನ್ನೀನೂ ಹಾಕಿದ್ನಿರಿ, ಮೊನ್ನೀನೂ ಹಾಕಿದ್ನಿ. ನಿಮ್ಮ ಊರ ಮಂದಿ ತಗದು ಒಗದ್ರು. ಕೂಸಿನ್ನ ಯಾರರೆ ಒಗೀತಾರೇನು?"

ಕಂಡಕ್ಟರ್ ಟಿಕೆಟ್ ಪುಸ್ತಕ ತೆಗೆದ. ಮುಂದಿನ ಸೀಟಿನ ಆಂಟಿಯೊಬ್ಬರು, "ಪಾಯಿಂಟ್ ಸರಿಯಾಗೇ ಇದೆ, ಬಿಡಿ" ಎಂದರು.

ಅವಳು ನನ್ನ ಪಕ್ಕ ಕೂತು ಕೈ ಚಾಚಿದಳು. ಮಗು ಅವಳತ್ತ ವಾಲಿತು, ಆದರೆ ಹೋಗಲಿಲ್ಲ. ಅವಳು ಎಳೆದಳು. ಆಗಲೂ ಬರಲಿಲ್ಲ.

"ಬಿಡ್ರೀ ಸರ" ಎಂದಳು ಮೆಲ್ಲಗೆ. "ಕೂಸು ನಂದು."

ಬಸ್ಸೆಲ್ಲ ನಕ್ಕಿತು. ಕೊನೆಗೆ ಆ ಆಂಟಿಯೇ ಹಿಂದೆ ತಿರುಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.