ಕಡೆಯ ನುಡಿಯಿಲ್ಲದ ಹಾಡು

ಒಂದೇ ಒಂದು ಹಾಡು ಹಾಡಿ ಹೆಸರು ಮಾಡಿ, ಆಮೇಲೆ ಎಲ್ಲಿ ಹೋದರೆಂದು ಯಾರಿಗೂ ಗೊತ್ತಾಗದವರ ಸುದ್ದಿ ಕೂಡಿಹಾಕುವುದು ನನ್ನ ಹಳೆಯ ಹುಚ್ಚು. ನೂರಾರು ಹಾಡು ಹಾಡಿದವರ ಬಗ್ಗೆ ಯಾರು ಬೇಕಾದರೂ ಹೇಳುತ್ತಾರೆ. ಒಂದೇ ಹಾಡಿನವರನ್ನು ಹುಡುಕಲು ತಾಳ್ಮೆ ಬೇಕು, ಸ್ವಲ್ಪ ಮೊಂಡುತನವೂ ಬೇಕು. ಎರಡೂ ನನ್ನಲ್ಲಿ ಧಾರಾಳವಾಗಿವೆ. ಒಬ್ಬ ಒಂದು ಹಾಡು ಹಾಡಿ ತನ್ನ ರೈಲ್ವೆ ನೌಕರಿಗೆ ವಾಪಸು ಹೋದ. ಒಬ್ಬಾಕೆ ತನ್ನ ಹಾಡು ಊರೆಲ್ಲ ಮೊಳಗುತ್ತಿದ್ದ ಹೊತ್ತಿಗೇ ಮದುವೆಯಾಗಿ ಮತ್ತೆ ಮೈಕಿನ ಮುಂದೆ ನಿಲ್ಲಲಿಲ್ಲ. ಇನ್ನೊಂದು ಪಾಪ್ ತಂಡದವರು ರೆಕಾರ್ಡಿನ ಹಿಂಬದಿ ಖಾಲಿ ಬಿಡಬಾರದೆಂದು ಏನೋ ಒಂದು ಹಾಡಿದರಂತೆ. ಅದೇ ಗೆದ್ದಿತು, ಬೆವರು ಸುರಿಸಿ ಮಾಡಿದ ಮುಂಬದಿಯನ್ನು ಯಾರೂ ಕೇಳಲಿಲ್ಲ. ಇಂಥವು ನನ್ನ ನೋಟ್‌ಬುಕ್ಕಿನಲ್ಲಿ ನೂರಕ್ಕೂ ಹೆಚ್ಚಿವೆ.

ಬೀದರಿನಲ್ಲಿ ಹಳೆಯ ಹಾಡು ಕೇಳುವವರದೊಂದು ಬಳಗವಿದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನೌಬಾದಿನಲ್ಲಿ, ನಮ್ಮ ಮನೆಯ ಹತ್ತಿರದ ಸಭಾಂಗಣದಲ್ಲಿ ಸೇರುತ್ತೇವೆ. ಬರುವವರಲ್ಲಿ ನನ್ನ ಹಾಗೆ ಶಾಲೆ, ಬ್ಯಾಂಕುಗಳಿಂದ ನಿವೃತ್ತರಾದವರೇ ಹೆಚ್ಚು. ಹಾಡಿನ ತುಣುಕು ಕೇಳಿಸಿ ಪ್ರಶ್ನೆ ಹಾಕುವ ಕೆಲಸ ನನ್ನದು. ಪುರಾವೆ ಇಲ್ಲದ ಉತ್ತರಕ್ಕೆ ಅಂಕವಿಲ್ಲ, ಇದು ನಾನೇ ಮಾಡಿದ ನಿಯಮ. ಟೀಚರಮ್ಮನ ಹತ್ತಿರ ಸಿಕ್ಕಿಬಿದ್ದೆವು ಎಂದು ಗೊಣಗುತ್ತಾರೆ, ಆದರೂ ಬರುತ್ತಾರೆ.

ಹೋದ ವರ್ಷ ಒಂದು ಭಾನುವಾರ ನಾನು ಕೇಳಿಸಿದ್ದು ನಮ್ಮ ಕಡೆಯದೇ ಹಾಡು. ಮೂವತ್ತು ವರ್ಷದ ಹಿಂದೆ ಭಾಲ್ಕಿ, ಔರಾದ, ಬೀದರಿನ ಟೆಂಪೊಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ, ಮದುವೆಯ ಲೌಡ್‌ಸ್ಪೀಕರಿನಲ್ಲಿ ಅದು ಕೇಳಿಸದ ದಿನವಿರಲಿಲ್ಲ. ತವರಿನಿಂದ ಗಂಡನ ಊರಿಗೆ ನಡೆದುಹೋಗುವ ಹುಡುಗಿ ದಾರಿಯಲ್ಲಿ ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋಗುವ ಹಾಡು. ಹುಣಸೆಮರ, ಬಾವಿ, ಕುರಿಹಟ್ಟಿ, ನಾಲೆ ಎಲ್ಲ ಬರುತ್ತವೆ. ಹಾಡಿದ ಹೆಂಗಸು ಅದೊಂದನ್ನು ಬಿಟ್ಟು ಬೇರೆ ಹಾಡಲಿಲ್ಲ. ಇದನ್ನು ಹಾಡಿದವರು ಯಾರು ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ ಎಂಬುದೇ ಸರಿಯುತ್ತರ ಎಂದು ಬರೆದುಕೊಂಡು ಬಂದಿದ್ದೆ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಭಾಲ್ಕಿಯ ಕಾಲೇಜೊಂದರಲ್ಲಿ ಪಾಠ ಮಾಡುವವಳು, ಅದೇ ಮೊದಲ ಸಲ ಬಂದಿದ್ದಳು.

"ನಮ್ಮ ಅಜ್ಜಿ ಹಾಡ್ಯಾರ್ರಿ, ಮೇಡಂ."

"ಪುರಾವೆ ಏನದ?"

"ಪುರಾವೆ ಏನೂ ಇಲ್ರಿ. ಅಜ್ಜಿ ಹೇಳ್ತಾರ್ರಿ."

ಜನ ನಕ್ಕರು, ನಾನೂ ನಕ್ಕೆ. ಅಂಕವಿಲ್ಲ ಎಂದೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಕೂತಳು. ಪುರಾವೆ ಎಲ್ಲಿ ಹೋಯಿತೆಂಬುದು ಆ ಸಭಾಂಗಣದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ನಾನೇ.

ನನಗೆ ಶಾಲೆಯ ನೌಕರಿ ಸಿಗುವ ಮೊದಲು ಭಾಲ್ಕಿಯಲ್ಲಿ ನಮ್ಮದೊಂದು ಕ್ಯಾಸೆಟ್ ಅಂಗಡಿ ಇತ್ತು. ಅಂಗಡಿ ಗಂಡನದು, ರೆಕಾರ್ಡಿಂಗ್ ನನ್ನದು. ಗಿರಾಕಿಗಳು ಬೇಕಾದ ಹಾಡುಗಳ ಪಟ್ಟಿ ತಂದುಕೊಡುತ್ತಿದ್ದರು. ಅಂಗಡಿಯ ಹಿಂದಿನ ನಮ್ಮ ಮನೆಯಲ್ಲಿ, ಅಡುಗೆಮನೆಗೆ ಅಂಟಿದ ಕೋಣೆಯಲ್ಲಿ ಎರಡು ಬಾಯಿಯ ಟೇಪ್‌ರೆಕಾರ್ಡರ್ ಇಟ್ಟುಕೊಂಡು ನಾನು ಖಾಲಿ ಕ್ಯಾಸೆಟ್ಟಿಗೆ ಅವನ್ನು ತುಂಬುತ್ತಿದ್ದೆ. ರೊಟ್ಟಿ ಬಡಿಯುತ್ತಲೇ ಯಾವ ಹಾಡು ಮುಗಿಯುತ್ತ ಬಂತು, ಯಾವಾಗ ಬದಿ ತಿರುವಬೇಕು ಎಂದು ಕಿವಿಯಿಂದಲೇ ಹೇಳುತ್ತಿದ್ದೆ. ಬೇರೆ ಅಂಗಡಿಯವರ ಕ್ಯಾಸೆಟ್ಟಿನಲ್ಲಿ ಬದಿ ಮುಗಿದಾಗ ಹಾಡು ಕಟಕ್ಕೆಂದು ತುಂಡಾಗುತ್ತಿತ್ತು. ನಮ್ಮದರಲ್ಲಿ ಎಂದೂ ಹಾಗಾಗುತ್ತಿರಲಿಲ್ಲ. ಅದಕ್ಕೇ ನಮ್ಮಲ್ಲಿ ಗಿರಾಕಿ, ಅದಕ್ಕೇ ನನಗೆ ಜಂಬ.

ಆ ಹಾಡು ಹಾಡಿದ ಹೆಂಗಸು ಮೆಹಕರದಿಂದ ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದಿದ್ದಳು. ಕಳೆ ತೆಗೆಯುವಾಗ ಹಾಡುವ ಹಾಡು, ಟೇಪಿನಲ್ಲಿ ಹಿಡಿದುಕೊಡಿ ಎಂದಳು. ಅದೇ ಕೋಣೆಯಲ್ಲಿ ಚಾಪೆ ಹಾಸಿ ಕೂರಿಸಿದೆ. ಒಂದೇ ಸಲಕ್ಕೆ ಹಾಡಿ ಮುಗಿಸಿದರು, ಏಳು ನಿಮಿಷ. ನಮ್ಮ ಕಡೆಯ ಇಂಥ ಹಾಡುಗಳಲ್ಲಿ ಹಾಡು ಕಟ್ಟಿದವರ ಹೆಸರು, ಊರು ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಬರಬೇಕು. ಅದು ಬಂದ ಮೇಲೇ ಹಾಡು ಮುಗಿದ ಹಾಗೆ. ಈ ಹಾಡಿನಲ್ಲಿ ಹುಡುಗಿ ಅಲ್ಲಿಯತನಕ ಮುಂದೆ ಮುಂದೆ ನೋಡುತ್ತ ಹೋದವಳು, ಕಡೆಯ ನುಡಿಯಲ್ಲಿ ಒಮ್ಮೆ ಹಿಂದಿರುಗಿ ನೋಡುತ್ತಾಳೆ. ಬದುವಿನ ಮೇಲೆ ನಿಂತವಳು ಇಂಥವಳು, ಇಂಥ ಊರಿನವಳು, ಈ ಹಾಡು ಕಟ್ಟಿದವಳು ಎಂದು ಹೇಳುತ್ತಾಳೆ.

ಆ ಹಾಡಿನ ಮೊದಲ ಪ್ರತಿ ಮಾಡಿಸಿಕೊಂಡವನು ಔರಾದ ತಾಲೂಕಿನ ಚಿಂತಾಕಿಯ ಕುರಿಗಾರ. ಅವರು ಹಾಡುತ್ತಿದ್ದಾಗ ಅಂಗಡಿಯಲ್ಲಿ ನಿಂತು ಕೇಳಿದ್ದನಂತೆ. ತೊಂಬತ್ತು ನಿಮಿಷದ ಕ್ಯಾಸೆಟ್ಟು ಕೊಟ್ಟು, ಒಂದು ಬದಿಗೆ ಇದೊಂದೇ ಹಾಡನ್ನು ಸಾಲಾಗಿ ಆರು ಸಲ ತುಂಬಿಕೊಡಿ ಎಂದ. ತಲೆ ಸರಿ ಇದೆಯೇ ಎಂದು ಗಂಡನ ಹತ್ತಿರ ಆಡಿಕೊಂಡು ನಕ್ಕಿದ್ದೆ. ತುಂಬಿಕೊಟ್ಟೆ.

ಆಮೇಲೆ ಬಂದವರೆಲ್ಲ ತಂದದ್ದು ಅರವತ್ತು ನಿಮಿಷದ ಕ್ಯಾಸೆಟ್ಟು. ಸಿನಿಮಾ ಹಾಡುಗಳ ನಡುವೆ ಈ ಏಳು ನಿಮಿಷ ಕೂರುತ್ತಿರಲಿಲ್ಲ, ಬದಿಯ ಕೊನೆಗೆ ತುಂಡಾಗುತ್ತಿತ್ತು. ನನ್ನ ಅಂಗಡಿಯ ಮಾನದ ಪ್ರಶ್ನೆ. ಕಡೆಯ ನುಡಿ ಶುರುವಾಗುವಲ್ಲಿ ಧ್ವನಿಯ ಗುಂಡಿಯನ್ನು ಮೆಲ್ಲಗೆ ಕೆಳಗೆ ತಿರುವಿದೆ. ಹುಡುಗಿ ದೂರ ನಡೆದುಹೋದ ಹಾಗೆ ಹಾಡು ಸಣ್ಣಗಾಗಿ ಮುಗಿಯಿತು. ನನಗೆ ಭಾಳ ಚಂದ ಕಂಡಿತು. ಮುಂದಿನ ಪ್ರತಿಗಳೆಲ್ಲ ಅದರಿಂದಲೇ ಆದವು. ಒಳ್ಳೆಯ ಟೇಪು ಸಿಗುವುದು ಕಷ್ಟವಾಗಿದ್ದ ಕಾಲ, ಮೂಲ ಟೇಪಿನ ಮೇಲೆ ಬೇರೇನೋ ತುಂಬಿಬಿಟ್ಟೆ. ಕ್ಯಾಸೆಟ್ಟಿನ ಚೀಟಿಯಲ್ಲಿ ಗಾಯಕರ ಹೆಸರು ಬರೆಯುವಲ್ಲಿ ಜಾನಪದ ಎಂದು ಬರೆದೆ. ಹಾಗೆ ಬರೆದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಹುಡುಗಿಗೆ ಅಂಕವಿಲ್ಲ ಎಂದ ಮರುವಾರ ಅವಳಿಗೆ ಫೋನ್ ಮಾಡಿ, ಬಸ್ಸು ಹಿಡಿದು ಮೆಹಕರಕ್ಕೆ ಹೋದೆ. ಅಜ್ಜಿ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಭಾಲ್ಕಿ ಅಂಗಡಿ ಬಾಯಿ ನೀವೇ ಏನ್ರಿ? ಆಗ ಭಾಳ ತೆಳ್ಳಗಿದ್ರಲ್ರಿ."

ನೀವೂ ಎಂದೆ. ಇಬ್ಬರೂ ನಕ್ಕೆವು. ಚಹಾ ಬಂತು.

"ಹಾಡು ಭಾಳ ನಡೀತ್ರಿ," ಎಂದರು. "ಔರಾದ ಬಸ್‌ಸ್ಟ್ಯಾಂಡಿನ್ಯಾಗ ಕೇಳೀನಿ, ಗಿರಣ್ಯಾಗ ಕೇಳೀನಿ. ಮಗಳ ಲಗ್ನದಾಗ ಬ್ಯಾಂಡಿನವ್ರು ಬಾರಿಸ್ಯಾರ. ಆದ್ರ ಕಡೀ ನುಡಿ ಎಲ್ಲೂ ಬರೂದಿಲ್ಲ, ಯಾಕ್ರಿ?"

"ಟೇಪ್ ಮುಗ್ದಿರ್ಬೇಕ್ರಿ," ಎಂದೆ.

ಒಂದು ತಪ್ಪು ಮಾಹಿತಿಗೆ ಹತ್ತು ಜನರ ಮುಂದೆ ಅಂಕ ಕಳೆಯುವವಳು ನಾನು. ಅಂಥವಳ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು.

"ಆ ಹಾಡು ಕಟ್ಟಿದಾಕಿ ನಮ್ಮವ್ವರಿ," ಎಂದರು ಅಜ್ಜಿ. "ಆಕೀದು ಒಂದು ಫೋಟೊ ಇಲ್ಲ. ಹೊಲದ ಕಾಗದದಾಗ ಅಪ್ಪನ ಹೆಸರು ಅದ. ಆಕಿ ಹೆಸರು ಅದೊಂದೇ ನುಡ್ಯಾಗ ಇತ್ತು."

"ನಿಮಗ ನೆಪ್ಪಿಲ್ಲೇನ್ರಿ ಆ ನುಡಿ?"

"ಹೆಸರು ಮರೀತಾರೇನ್ರಿ? ನುಡಿ ನೆಪ್ಪಿಲ್ಲ. ಮೂವತ್ತು ವರ್ಷ ಅಲ್ಲೀತನಕಾನೇ ಕೇಳಿ ಕೇಳಿ, ನಂದೂ ಅಲ್ಲೇ ನಿಂದರ್ತದ. ಹೆಸರು ಅದ್ರಾಗ ಹ್ಯಾಂಗ ಕುಂದ್ರಸಿದ್ಳೋ ಏನೋ." ಮೊರವನ್ನು ಒಮ್ಮೆ ಜಾಡಿಸಿದರು. "ಗೆಳತ್ಯಾರು ಇಬ್ಬರೂ ಹೋದ್ರು. ಆ ನುಡಿ ಒಂದು ಸಿಕ್ರ ಸಾಕ್ರಿ. ನಾ ಹೋಗೂದ್ರಾಗ ಒಮ್ಮಿ ಬರೋಬರ್ ಹಾಡಿ ಬಿಡ್ತೇನಿ."

ಟೇಪಿನಿಂದ ಅಳಿಸಿದ್ದು ನನಗೆ ಗೊತ್ತಿತ್ತು. ಅವರ ತಲೆಯಿಂದಲೂ ಅಳಿಸಿದ್ದೇನೆಂದು ಅಂದೇ ಗೊತ್ತಾದದ್ದು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ನೋಟ್‌ಬುಕ್ಕಿನಲ್ಲಿ ಒಂದೇ ಹಾಡಿನವರ ಪಟ್ಟಿ ಇದೆಯಲ್ಲ, ಅದರಲ್ಲಿ ಒಬ್ಬರನ್ನಾದರೂ ಆ ಪಟ್ಟಿಗೆ ಸೇರಿಸಿದ್ದು ಕಾಲವಲ್ಲ, ನಾನು.

ಎರಡು ದಿನ ಬಿಟ್ಟು ಕುರಿಗಾರ ನೆನಪಾದ. ಆರು ಸಲ ಪೂರ್ತಿ ಹಾಡು ತುಂಬಿದ ಕ್ಯಾಸೆಟ್ಟು! ಔರಾದಿನಲ್ಲಿ ಬಸ್ಸು ಬದಲಿಸಿ ಚಿಂತಾಕಿಗೆ ಹೋದೆ. ಹೆಸರು ಗೊತ್ತಿರಲಿಲ್ಲ. ಕುರಿ ಮೇಯಿಸಲು ಹೋಗುವಾಗ ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದವರು ಎಂದದ್ದೇ ತಡ, ಓ ಹಾಡಿನ ಮುತ್ಯಾ ಎಂದು ಮನೆ ತೋರಿಸಿದರು. ವಯಸ್ಸಾದ ಮುತ್ಯಾ ಈಗ ಕುರಿ ಹಿಂದೆ ಹೋಗುವುದಿಲ್ಲ. ಬಾಗಿಲ ಬಳಿ ಕಂಬಳಿ ಹಾಸಿಕೊಂಡು ಕೂತಿದ್ದರು. ನಾನು ಯಾರೆಂದು ಹೇಳಿ, ಕ್ಯಾಸೆಟ್ಟು ಕೇಳಿದೆ.

"ಟೇಪೇನ್ರಿ? ಮಶಿನ್ ಕೆಟ್ಟು ಭಾಳ ವರ್ಷಾತು. ಒಳಗಿನ ಪಟ್ಟಿ ತಗದು ಜ್ವಾಳದ ಹೊಲದಾಗ ಕಟ್ಟಿದ್ದೆ. ಗಾಳಿಗೆ ಗುಂಯ್ ಅಂತಿತ್ತು, ಹಕ್ಕಿ ಹತ್ರ ಬರ್ತಿದ್ದಿಲ್ಲ."

ಕಟ್ಟೆಯ ಮೇಲೆ ಕೂತೆ. ಆರೂ ಸಲದ ಹಾಡು ಹಕ್ಕಿ ಓಡಿಸುವ ಕೆಲಸಕ್ಕೆ ಹೋಗಿತ್ತು. ಎದ್ದು ಹೊರಡುವ ಮೊದಲು, ಏನೋ ಕೇಳಬೇಕೆಂದು ಕೇಳಿದೆ, ಆ ಹಾಡು ನಿಮಗೆ ಬರುತ್ತದೆಯೇ ಎಂದು.

ಮುತ್ಯಾ ಶುರು ಮಾಡಿಯೇಬಿಟ್ಟರು. ಹುಣಸೆಮರ ಬಂತು, ಬಾವಿ ಬಂತು, ಕುರಿಹಟ್ಟಿ ಬಂತು, ನಾಲೆ ದಾಟಿತು. ನಾನು ಗುಂಡಿ ತಿರುವಿದ ಜಾಗ ಬಂತು. ಅವರು ಉಸಿರು ಎಳೆದುಕೊಂಡು ಮುಂದೆ ಹೋದರು. ಹುಡುಗಿ ಹಿಂದಿರುಗಿ ನೋಡಿದಳು. ಬದುವಿನ ಮೇಲೆ ಹೆಸರು ಇತ್ತು, ಊರು ಇತ್ತು.

"ಕಡೀ ನುಡಿನೂ ಹಾಡ್ತೀರೇನ್ರಿ ನೀವು?" ಎಂದೆ.

"ಯಾಕ, ಬಿಡ್ಬೇಕೇನು?" ಮುತ್ಯಾ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಕಟ್ಟಿದಾಕಿ ಹೆಸರು ಬಿಟ್ಟು ಹಾಡಿದ್ರ ಕದ್ದಂಗ ಆಗ್ತದಲ್ರಿ."

ನನಗೆ ಬಯ್ಯಬೇಕೆಂದು ಅಂದದ್ದಲ್ಲ. ನನ್ನ ಕೆಲಸ ಅವರಿಗೆ ಗೊತ್ತೇ ಇರಲಿಲ್ಲ. ಊರಿನವರೆಲ್ಲ ಹಾಡನ್ನು ಪೂರ್ತಿಯಾಗಿಯೇ ಕೇಳಿದ್ದಾರೆ ಎಂದುಕೊಂಡಿದ್ದರು. ಇನ್ನೊಮ್ಮೆ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮರುದಿನ ಮೆಹಕರಕ್ಕೆ ಹೋದೆ. ಚಿಂತಾಕಿಯ ಕುರಿಗಾರರ ಬಾಯಲ್ಲಿ ಆ ನುಡಿ ಸಿಕ್ಕಿತೆಂದು ಹೇಳಿ ಫೋನನ್ನು ಮೊರದ ಪಕ್ಕದಲ್ಲಿಟ್ಟೆ. ಅದನ್ನು ಒತ್ತುವ ಮೊದಲು ನಿಜ ಹೇಳಿದೆ. "ಟೇಪ್ ಮುಗ್ದಿದ್ದಿಲ್ರಿ. ನಾನೇ ಕಡೀ ನುಡಿ ತಗದಿದ್ದೆ."

ಅಜ್ಜಿ ಮೊರದಿಂದ ತಲೆಯೆತ್ತಿದರು. "ಯಾಕ್ರಿ?"

"ಕ್ಯಾಸೆಟ್ಟಿನ್ಯಾಗ ಜಾಗಾ ಸಾಲ್ತಿದ್ದಿಲ್ರಿ."

"ಆ ಜಾಗಾದಾಗ ಮತ್ತೇನು ಹಾಕಿದ್ರಿ?"

ಮೂವತ್ತು ವರ್ಷದಲ್ಲಿ ನಾನು ಈ ಪ್ರಶ್ನೆಯನ್ನು ನನಗೇ ಕೇಳಿಕೊಂಡಿರಲಿಲ್ಲ. ಹಾಡು ತುಂಡಾಗದಿರಲೆಂದು ಯಾವಾಗಲೂ ಸ್ವಲ್ಪ ಹೆಚ್ಚೇ ಜಾಗ ಬಿಡುತ್ತಿದ್ದೆ. ಎಷ್ಟೋ ಕ್ಯಾಸೆಟ್ಟುಗಳಲ್ಲಿ ಹಾಡು ಮುಗಿದ ಮೇಲೆ ಒಂದು ನಿಮಿಷ ಬರೀ ಸುಯ್ ಎನ್ನುವ ಸದ್ದಿರುತ್ತಿತ್ತು.

"ಏನೂ ಹಾಕಿಲ್ರಿ. ಖಾಲಿ ಇತ್ತು."

ಅವರು ಮೊರ ಕೆಳಗಿಟ್ಟರು. ಎದ್ದು ಹೋಗು ಎಂದಿದ್ದರೆ ಹೋಗುತ್ತಿದ್ದೆ. ಕಡೆಗೆ, "ಹಚ್ರಿ," ಎಂದು ಫೋನು ತೋರಿಸಿದರು.

ಮುತ್ಯಾನ ಒಡಕು ಧ್ವನಿ ಅಂಗಳದಲ್ಲಿ ಶುರುವಾಯಿತು. ಹೆಸರು ಬಂದಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಕುರ್ಯಾವ ಸುರ ತಪ್ಪ್ಯಾನ," ಎಂದರು. "ಹೆಸರಿನ ಮ್ಯಾಲೆ ಜರಾ ನಿಂದರ್ಬೇಕು, ಓಡಬಾರ್ದು." ಆಮೇಲೆ ತಾವೇ ಹಾಡಿದರು. ಉಸಿರು ಸಾಲುತ್ತಿರಲಿಲ್ಲ. ಆದರೆ ಹೆಸರು ತನ್ನ ಜಾಗದಲ್ಲಿ ಬಂದು ಕೂತಿತು.

ನಾನು ನೋಟ್‌ಬುಕ್ಕು ತೆಗೆದೆ. ಹೆಸರು, ಊರು ಬರೆದುಕೊಳ್ಳುತ್ತೇನೆ, ಇನ್ನು ಎಲ್ಲ ಕಡೆ ಬರೆಯುತ್ತೇನೆ ಎಂದೆ. ಅಜ್ಜಿ ಕೈ ಅಡ್ಡ ಹಿಡಿದರು.

"ಬರೀಬ್ಯಾಡ್ರಿ. ನಮ್ಮವ್ವಗ ಓದಾಕ ಬರ್ತಿದ್ದಿಲ್ಲ. ಬರ್ದ್ರ ಆಕಿಗೆ ಹ್ಯಾಂಗ ಗೊತ್ತಾಗ್ತದ? ಹಾಡ್ರಿ."

ಅದಕ್ಕೇ ಆ ಹೆಸರನ್ನು ಇಲ್ಲಿ ಬರೆದಿಲ್ಲ. ಬೇಕಾದವರು ಬಂದು ಕೇಳಿದರೆ ಹಾಡುತ್ತೇನೆ. ಜೀವನವಿಡೀ ಬೇರೆಯವರ ಹಾಡು ತುಂಬಿದವಳು, ಅಳೆದವಳು, ಅಂಕ ಕೊಟ್ಟವಳು ನಾನು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹಾಡಿದವಳಲ್ಲ. ಅಂದು ಆ ಅಂಗಳದಲ್ಲಿ ಹಾಡಿದೆ. ಮೊದಲ ಸಲ ನಾಲೆಯ ಹತ್ತಿರವೇ ದಾರಿ ತಪ್ಪಿತು. ಎರಡನೆಯ ಸಲ ಹೆಸರಿನ ಮೇಲೆ ಓಡಿಬಿಟ್ಟೆ. ಅಜ್ಜಿ ಮೊದಲಿನಿಂದ ಹಾಡಿಸಿದರು, ತಾವೂ ದನಿಗೂಡಿಸಿದರು. ಮೂರನೆಯ ಸಲ ಹುಡುಗಿ ಹಿಂದಿರುಗಿ ನೋಡುವ ನುಡಿ ಬಂದಾಗ ಅವರು ಹಾಡುವುದನ್ನು ನಿಲ್ಲಿಸಿದರು. ಅವ್ವನ ಹೆಸರನ್ನು ನಾನೊಬ್ಬಳೇ ಹಾಡಿದೆ. ಅವರು ಸುಮ್ಮನೆ ಕೇಳುತ್ತ ಕೂತರು.