ಧೂಳೆಂದು ಒರೆಸಿದ ಆಕಾಶ

ದೇವದುರ್ಗದ ಫೋಟೊ ಸ್ಟುಡಿಯೊದಲ್ಲಿ ಗಂಡ ಸಿದ್ರಾಮ ಮದುವೆಯ ಚಿತ್ರ ತೆಗೆದರೆ, ಅವನ್ನು ಕಂಪ್ಯೂಟರಿನಲ್ಲಿ ಚೊಕ್ಕ ಮಾಡುವವಳು ನೇತ್ರಾವತಿ. ಮೊಡವೆಯಿರಲಿ, ಮಚ್ಚೆಯಿರಲಿ, ಅವಳ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಕಲೆಯಿರುವ ಮದುಮಗಳು ಅವಳ ಬಾಗಿಲು ದಾಟಿ ಹೊರಗೆ ಹೋದದ್ದೇ ಇಲ್ಲ.

ಗಬ್ಬೂರಿನ ಮದುವೆ ಮುಗಿಸಿ ರಾತ್ರಿ ಬರುವಾಗ ಸಿದ್ರಾಮ ಹೊಲದ ಬದುವಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಆಕಾಶದ ಚಿತ್ರವೊಂದನ್ನು ತೆಗೆದಿದ್ದ. ಮರುದಿನ ಅದು ಮದುವೆಯ ಚಿತ್ರಗಳ ನಡುವೆಯೇ ಅವಳೆದುರು ಬಂತು. ದೊಡ್ಡ ನಕ್ಷತ್ರಗಳನ್ನು ಉಳಿಸಿ, ಸಣ್ಣ ಚುಕ್ಕೆಗಳನ್ನೆಲ್ಲ ಲೆನ್ಸಿನ ಧೂಳೆಂದು ಒರೆಸಿಬಿಟ್ಟಳು.

ಸಿದ್ರಾಮ ತಲೆಮೇಲೆ ಕೈ ಹೊತ್ತು ಕುಳಿತ. “ಧೂಳಲ್ಲಬೇ ಅದು! ಒಂದೊಂದೂ ಒಂದು ಸೂರ್ಯ. ಭಾಳ ದೂರ ಅದಾವ, ಅದಕ್ಕ ಸಣ್ಣವು ಕಾಣ್ತಾವ. ಅವುಗಳ ಮುಂದ ನಮ್ಮ ಭೂಮಿನೇ ಧೂಳು.”

“ಇಷ್ಟು ಸೂರ್ಯರನ್ನ ಒರೆಸೀನಿ, ಹೊರಗ ಬಿಸಿಲು ಒಂಚೂರೂ ಕಡಿಮಿ ಆಗಿಲ್ಲ ನೋಡ್ರಿ,” ಎಂದಳು ನೇತ್ರಾವತಿ. ಆದರೂ ಅಳಿಸಿದ್ದನ್ನೆಲ್ಲ ಮರಳಿ ತಂದಳು. ಕಿಕ್ಕಿರಿದ ಆ ಆಕಾಶವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಒಂದೊಂದೇ ಚುಕ್ಕೆಯನ್ನು ನೋಡಿದಳು.

ಮುಂದಿನದು ಗಬ್ಬೂರಿನ ಮದುಮಗಳ ಚಿತ್ರ. ಗಲ್ಲದ ಮೇಲೊಂದು ಸಣ್ಣ ಮಚ್ಚೆ. ರೂಢಿಯ ಕೈ ನೇರ ಅಲ್ಲಿಗೇ ಹೋಯಿತು.

“ಇರ್ಲಿ ಬಿಡು,” ಎಂದು ಕೈ ಹಿಂದಕ್ಕೆಳೆದುಕೊಂಡಳು.