ಹಲ್ಲಿನ ಅಂಗಡಿಯಲ್ಲಿ ಶುರುವಾದ ಚರ್ಚ್

ನನ್ನ ತಾತ ಚೀನಾದಿಂದ ಕಲ್ಕತ್ತೆಗೆ ಬಂದವರು. ಅಪ್ಪ ಅಲ್ಲಿ ಹಲ್ಲು ಕಟ್ಟುವುದನ್ನು ಕಲಿತು, ಶಿಕಾರಿಪುರಕ್ಕೆ ಬಂದು ಅಂಗಡಿ ಇಟ್ಟರು. ನಮ್ಮ ಭಾಷೆಯ ಪ್ರಾರ್ಥನೆ ಹತ್ತಿರದಲ್ಲೆಲ್ಲೂ ಇರಲಿಲ್ಲ. ಹಾಗಾಗಿ ಭಾನುವಾರ ಅಂಗಡಿಯಲ್ಲೇ ಅಪ್ಪ, ಅಮ್ಮ, ನಾನು ಮೂವರೇ ಹಾಡುತ್ತಿದ್ದೆವು. ಆಮೇಲೆ ಶಿವಮೊಗ್ಗದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನಮ್ಮವರೇ ಒಂದು ಮನೆಯವರು ಬರತೊಡಗಿದರು. ಆನವಟ್ಟಿಯ ಕ್ರೈಸ್ತ ನರ್ಸಮ್ಮ ಬಂದ ಮೇಲೆ ಅರ್ಧ ಪ್ರಾರ್ಥನೆ ಕನ್ನಡಕ್ಕೆ ತಿರುಗಿತು.

ಕೊರೊನಾ ಬಂದಾಗ ಊರು ನಮ್ಮ ಮುಖ ನೋಡುವ ರೀತಿಯೇ ಬದಲಾಯಿತು. ಬಸ್ಸಿನಲ್ಲಿ ಒಬ್ಬಾಕೆ ನನ್ನ ಪಕ್ಕದಿಂದ ಮಗುವನ್ನು ಎಳೆದುಕೊಂಡಳು. ಲಾಕ್‌ಡೌನ್ ಮುಗಿದು ಮತ್ತೆ ಸೇರಿದಾಗಲೂ ಅಪ್ಪ ಶಟರ್ ಇಳಿಸಿ, ಪಿಸುದನಿಯಲ್ಲಿ ಹಾಡಿಸುತ್ತಿದ್ದರು.

ಒಂದು ಭಾನುವಾರ ಯಾರೋ ಶಟರ್ ಬಡಿದರು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಪ್ಪ ಎತ್ತಿ ನೋಡಿದರೆ ಕಟ್ಟಡದ ಯಜಮಾನರು, ಹಣೆಯ ತುಂಬ ವಿಭೂತಿ.

"ಇದ್ಯಾಕ್ ಮುಚ್ಕಂಡೀರಿ ಡಾಕ್ಟ್ರೇ?"

"ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ, ಯಜಮಾನ್ರೇ."

"ಮುಚ್ಚಿದ್ರೇ ಮಂದಿ ಏನೇನೋ ಅನ್ಕಂತಾರೆ. ಪೂರ್ತಿ ತೆಗೀರಿ. ನಾ ಹೊರಗೆ ಕೂತಿರ್ತೀನಿ."

ಪ್ರಾರ್ಥನೆ ಮುಗಿಯುವವರೆಗೂ ಅವರು ಕುರ್ಚಿ ಹಾಕಿಕೊಂಡು ಹೊರಗೆ ಕೂತರು. ಆದರೆ ಕೆಲವೇ ವಾರಗಳಲ್ಲಿ ಅವರೇ ಬಂದು, ತಲೆ ತಗ್ಗಿಸಿ, "ಮನೇಲಿ ಹುಡುಗ್ರು ಒಪ್ಪವಲ್ರು. ಅಂಗಡಿ ಇರ್ಲಿ, ಪ್ರಾರ್ಥನೆ ಬ್ಯಾರೆ ಕಡೆ ಮಾಡ್ಕಳ್ರಿ" ಎಂದರು.

ನರ್ಸಮ್ಮ ತಮ್ಮ ಮನೆಯ ಪಕ್ಕದ ತಗಡಿನ ಶೆಡ್ ಬಿಟ್ಟುಕೊಟ್ಟರು. ಆನವಟ್ಟಿಯ ಮೊದಲ ಭಾನುವಾರ ಹತ್ತೂವರೆಯಾದರೂ ನಮ್ಮನ್ನೂ ನರ್ಸಮ್ಮನನ್ನೂ ಬಿಟ್ಟು ಯಾರೂ ಇರಲಿಲ್ಲ. ಅಪ್ಪ ರಸ್ತೆಗೂ ಶೆಡ್ಡಿಗೂ ಓಡಾಡುತ್ತಲೇ ಇದ್ದರು. ಯಾರಾದರೂ ದಾರಿಯಲ್ಲಿ ತಡೆದಿರಬಹುದೇ ಎಂದು ಅಮ್ಮ ಕೇಳಿಯೇಬಿಟ್ಟರು. ಕೊನೆಗೆ, ದಾರಿಯಲ್ಲಿ ಕೆಟ್ಟು ನಿಂತಿದ್ದ ಶಿವಮೊಗ್ಗದ ಬಸ್ಸು ಬಂತು. ಪಾರ್ಲರ್ ಮನೆಯವರೆಲ್ಲ ಅದರಿಂದಲೇ ಇಳಿದರು.

ಈಗ ಸೊರಬದಿಂದಲೂ ಜನ ಬರುತ್ತಾರೆ. ತಡವಾಗಿ ಬಂದವರು ಹೊರಗೆ ನಿಲ್ಲಬೇಕು. ಚೀನೀ ಹಾಡು ಒಂದೇ ಒಂದು ಉಳಿದಿದೆ, ಮಿಕ್ಕದ್ದೆಲ್ಲ ಕನ್ನಡ. ಚರ್ಚ್ ಬೆಳೆಯಿತೆಂದು ನನಗೆ ಖುಷಿ, ಅಪ್ಪನಿಗೆ ಅದೇ ದಿಗಿಲು.

"ಇಷ್ಟು ಜನ ಆದ್ರೆ ಎಲ್ರ ಕಣ್ಣಿಗೂ ಬೀಳ್ತೀವಿ" ಎಂದರು ಮೊನ್ನೆ.

ನರ್ಸಮ್ಮ ಜಮಖಾನೆ ಮಡಚುತ್ತಿದ್ದರು. "ಬಿದ್ರೆ ಬೀಳಾಣ ಬಿಡ್ರಿ. ಆ ಮೂಲೇಲಿ ತಗಡು ಸೋರ್ತಾ ಐತೆ, ಮೊದ್ಲು ಅದನ್ನ ನೋಡ್ರಿ."

ಅಪ್ಪ ಏಣಿ ಹುಡುಕಲು ಹೋದರು.